ಏಜೆಂಟರ ಹಿಂದೆ ಹೋಗಬೇಡಿ, ಹಸ್ತಪ್ರತಿ ಮುಗಿಸಿ

ಬರೆಯಬೇಕೆಂದು ಹೊರಟವರಿಗೆ ಈಗ ಎಲ್ಲ ದಿಕ್ಕಿನಿಂದಲೂ ಒಂದೇ ಉಪದೇಶ ಬರುತ್ತಿದೆ. ಇನ್‌ಸ್ಟಾಗ್ರಾಂ, ಎಕ್ಸ್, ಲಿಂಕ್ಡ್‌ಇನ್‌ಗಳಲ್ಲಿ ಖಾತೆ ತೆರೆಯಿರಿ. ಸಾಹಿತ್ಯ ಏಜೆಂಟರನ್ನು, ಸಂಪಾದಕರನ್ನು, ಪ್ರಕಾಶಕರನ್ನು ಫಾಲೋ ಮಾಡಿ. ಅವರ ಪೋಸ್ಟುಗಳ ಕೆಳಗೆ ನಿಮ್ಮ ಹೆಸರು ಆಗಾಗ ಕಾಣುತ್ತಿರಲಿ. ಅವರಿಗೆ ಯಾವ ಬಗೆಯ ಕಥೆ ಬೇಕಾಗಿದೆ ಎಂದು ತಿಳಿದುಕೊಂಡು ಬರೆಯಿರಿ. ವಾರಾಂತ್ಯದ ಬರವಣಿಗೆ ಕಮ್ಮಟಗಳಲ್ಲಿ, ಯೂಟ್ಯೂಬ್ ಸಂದರ್ಶನಗಳಲ್ಲಿ, ಸಾಹಿತ್ಯೋತ್ಸವಗಳ ಗೋಷ್ಠಿಗಳಲ್ಲಿ ಇದನ್ನು ಅನುಭವದ ಮಾತೆಂಬಂತೆ ಹೇಳುತ್ತಾರೆ. ಕೇಳಿದವರು ಪ್ರಶ್ನಿಸದೆ ಪಾಲಿಸುತ್ತಾರೆ. ಈ ಉಪದೇಶ ತಪ್ಪು ಎಂಬುದು ನನ್ನ ವಾದ. ಕನ್ನಡದಲ್ಲಿ ಬರೆಯುವವರಿಗೆ ಅದು ಪೂರಾ ತಪ್ಪು. ಇಂಗ್ಲಿಷಿನಲ್ಲಿ ಬರೆಯುವವರಿಗೂ ಬಹುಪಾಲು ತಪ್ಪು. ಅದರಿಂದ ಸಮಯ ಹಾಳಾಗುತ್ತದೆ ಎಂಬುದು ಚಿಕ್ಕ ದೂರು. ಬರೆಯುವವರ ಮನಸ್ಸು ಯಾರ ಕಡೆ ತಿರುಗಿರಬೇಕೋ ಅವರ ಕಡೆಯಿಂದ ಅದನ್ನು ಬೇರೆಡೆಗೆ ಹೊರಳಿಸುತ್ತದೆ ಎಂಬುದೇ ದೊಡ್ಡ ದೂರು.

ಬೆಂಗಳೂರಿನ ಐಟಿ ಬಡಾವಣೆಯಾದ ಬ್ರೂಕ್‌ಫೀಲ್ಡ್‌ನಂಥ ಜಾಗದಲ್ಲಿ ಈ ಉಪದೇಶ ಯಾಕೆ ಇಷ್ಟು ಬೇಗ ಬೇರು ಬಿಡುತ್ತದೆ ಎಂಬುದಕ್ಕೆ ಕಾರಣಗಳಿವೆ. ಕುಂದಲಹಳ್ಳಿ ಗೇಟಿನಿಂದ ಐಟಿಪಿಎಲ್ ಕಡೆಗೆ ಹೋಗುವ ರಸ್ತೆಯ ಎರಡೂ ಬದಿ, ಎಇಸಿಎಸ್ ಲೇಔಟಿನ ಒಳರಸ್ತೆಗಳ ಪಿಜಿಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಇರುವ ಕನ್ನಡದ ಹುಡುಗ ಹುಡುಗಿಯರು ಹಾಸನದಿಂದ, ಶಿರಸಿಯಿಂದ, ಕಲಬುರಗಿಯಿಂದ, ಕಾಸರಗೋಡಿನಿಂದ ಬಂದವರು. ಕೋಡ್ ಬರೆದು ದಣಿದ ಮೇಲೆ ರಾತ್ರಿ ಕಥೆ ಬರೆಯುವವರು ಅವರಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಅವರು ದುಡಿಯುವ ಉದ್ಯಮದಲ್ಲಿ ಪರಿಚಯಕ್ಕೆ ನಿಜವಾದ ಬೆಲೆಯಿದೆ. ಒಳಗಿನವರೊಬ್ಬರು ರೆಫರಲ್ ಕೊಟ್ಟರೆ ರೆಸ್ಯೂಮೆ ಮೇಲಕ್ಕೆ ಬರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಸರಿಯಾದವರ ಕಣ್ಣಿಗೆ ಬಿದ್ದರೆ ಇಂಟರ್‌ವ್ಯೂ ಸಿಗುತ್ತದೆ. ಕೆಲಸ ಹಿಡಿಯಲು ನೆರವಾದ ಆ ಅಭ್ಯಾಸವೇ ಕಥೆಗೂ ನೆರವಾಗುತ್ತದೆ ಎಂದು ಅವರು ನಂಬುವುದು ಸಹಜ. ಇನ್ನೊಂದು ಕಾರಣ ದೂರ. ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ, ಪುಸ್ತಕ ಬಿಡುಗಡೆಗಳು ಬಸವನಗುಡಿ, ಗಾಂಧಿಬಜಾರು, ಜೆ.ಸಿ. ರಸ್ತೆಯ ಸುತ್ತ. ಮೆಟ್ರೊ ಬರುವವರೆಗೆ ಕುಂದಲಹಳ್ಳಿಯಿಂದ ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಹಾಗಾಗಿ ಸಾಹಿತ್ಯಲೋಕಕ್ಕೆ ಇರುವ ಬಾಗಿಲು ಕೈಯೊಳಗಿನ ಫೋನೊಂದೇ ಎಂದು ಇಲ್ಲಿನವರಿಗೆ ಅನ್ನಿಸಿತು. ಆ ಬಾಗಿಲಲ್ಲಿ ಮೊದಲು ಕಂಡವರು ಇಂಗ್ಲಿಷ್ ಪುಸ್ತಕೋದ್ಯಮದ ಏಜೆಂಟರು.

ಆದರೆ ಈ ಏಜೆಂಟರು ಯಾರು? ಅವರ ಬದುಕು ನಡೆಯುವುದು ಹೇಗೆ? ಇದನ್ನು ಕೇಳಿಕೊಂಡರೆ ಉಪದೇಶದ ಅರ್ಧ ಬಲ ಅಲ್ಲೇ ಕುಸಿಯುತ್ತದೆ. ಸಾಹಿತ್ಯ ಏಜೆಂಟ್ ಎಂಬ ಕಸುಬು ರೂಪ ತಳೆದದ್ದು 19ನೇ ಶತಮಾನದ ಕೊನೆಯ ಭಾಗದ ಲಂಡನ್ನಿನಲ್ಲಿ, ಎ.ಪಿ. ವಾಟ್ ಎಂಬವರ ಕೈಯಲ್ಲಿ. ಲೇಖಕರ ಪರವಾಗಿ ಪ್ರಕಾಶಕರ ಜತೆ ಚೌಕಾಸಿ ಮಾಡುವುದು, ಬಂದ ಹಣದಲ್ಲಿ ಇಷ್ಟು ಪಾಲು ಪಡೆಯುವುದು, ಇದು ಆ ಕೆಲಸ. ಇಂದು ಆ ಪಾಲು ಸಾಮಾನ್ಯವಾಗಿ ಶೇ 15. ವಿದೇಶಿ ಹಾಗೂ ಅನುವಾದದ ಹಕ್ಕುಗಳಿಗೆ ಶೇ 20ರಷ್ಟು. ಲಂಡನ್, ನ್ಯೂಯಾರ್ಕ್‌ಗಳ ದೊಡ್ಡ ಪ್ರಕಾಶನ ಸಂಸ್ಥೆಗಳು ಏಜೆಂಟರಿಲ್ಲದೆ ಬಂದ ಹಸ್ತಪ್ರತಿಗಳನ್ನು ಬಹುತೇಕ ತೆಗೆದುಕೊಳ್ಳುವುದೇ ಇಲ್ಲ. ಅಲ್ಲಿ ಏಜೆಂಟರು ದಾಟಲೇಬೇಕಾದ ಹೊಸ್ತಿಲು. ಭಾರತದಲ್ಲಿ ಈ ಕಸುಬು ತೀರ ಹೊಸದು. ಜಕರಾಂಡ ಎಂಬ ಏಜೆನ್ಸಿ 1997ರಲ್ಲಿ ಇದೇ ಬೆಂಗಳೂರಿನಲ್ಲಿ ಶುರುವಾಯಿತು. ಜೈಪುರದ ಸಿಯಾಹಿ, ದೆಹಲಿಯ ರೈಟರ್ಸ್ ಸೈಡ್ ಮೊದಲಾದವು ಆಮೇಲೆ ಬಂದವು. ಇವೆಲ್ಲ ಮುಖ್ಯವಾಗಿ ಇಂಗ್ಲಿಷ್ ಪುಸ್ತಕಗಳ ಸುತ್ತ ಕೆಲಸ ಮಾಡುತ್ತವೆ. ಇಷ್ಟಾಗಿಯೂ ಭಾರತದ ಇಂಗ್ಲಿಷ್ ಪ್ರಕಾಶಕರಲ್ಲಿ ಹಲವರು ಇಂದಿಗೂ ಲೇಖಕರಿಂದ ನೇರವಾಗಿ ಹಸ್ತಪ್ರತಿ ಪಡೆಯುತ್ತಾರೆ.

ಕನ್ನಡದಲ್ಲಿ ಏಜೆಂಟರೇ ಇಲ್ಲ. ಇಲ್ಲದಿರುವುದಕ್ಕೆ ನಮ್ಮ ಹಿಂದುಳಿದಿರುವಿಕೆ ಕಾರಣವಲ್ಲ, ಲೆಕ್ಕ ಕಾರಣ. ಒಂದು ಕಥಾಸಂಕಲನ ಸಾವಿರ ಪ್ರತಿ ಅಚ್ಚಾಯಿತು ಎನ್ನಿ, ಬೆಲೆ 200 ರೂಪಾಯಿ. ಪ್ರತಿಯೊಂದೂ ಮಾರಾಟವಾಗಿ, ಪ್ರಕಾಶಕರು ಶೇ 10ರ ಗೌರವಧನವನ್ನು ಬಾಕಿ ಉಳಿಸದೆ ಕೊಟ್ಟರೆ ಲೇಖಕರಿಗೆ ಸಿಗುವುದು 20 ಸಾವಿರ. ಅದರಲ್ಲಿ ಏಜೆಂಟರ ಪಾಲು 3 ಸಾವಿರ, ಅದೂ ಪುಸ್ತಕ ಖರ್ಚಾಗಲು ಹಿಡಿಯುವ ಎರಡು ಮೂರು ವರ್ಷಗಳಿಗೆ ಹರಿದು ಹಂಚಿಹೋಗಿ. ಎಷ್ಟೋ ಕನ್ನಡ ಪುಸ್ತಕಗಳು ಅಚ್ಚಾಗುವುದು ಐದುನೂರು ಪ್ರತಿ ಮಾತ್ರ. ಈ ಹಣದಲ್ಲಿ ಯಾರೂ ಕಚೇರಿ ತೆರೆದು ಹಸ್ತಪ್ರತಿ ಓದುತ್ತ ಕೂರಲಾರರು. ಹಾಗಿರುವಾಗ ಕನ್ನಡದಲ್ಲಿ ಬರೆಯುವ ಹುಡುಗಿಯೊಬ್ಬಳಿಗೆ 'ಏಜೆಂಟರನ್ನು ಫಾಲೋ ಮಾಡಮ್ಮ' ಎಂದು ಹೇಳುವವರು ಅವಳನ್ನು ಅವಳದಲ್ಲದ ಮಾರುಕಟ್ಟೆಯ ಬಾಗಿಲಿಗೆ ಕಳಿಸುತ್ತಿದ್ದಾರೆ. ಅವಳು ನ್ಯೂಯಾರ್ಕಿನ ಏಜೆಂಟರು ಬರೆಯುವ ಸಲಹೆಗಳನ್ನು ರಾತ್ರಿಯೆಲ್ಲ ಓದುತ್ತಾಳೆ. ಮೊದಲ ಐದು ಪುಟ ಹೇಗಿರಬೇಕು, ಪರಿಚಯ ಪತ್ರ ಎಷ್ಟು ಸಾಲಿರಬೇಕು, ಕಾದಂಬರಿಯನ್ನು ಯಾವ ಎರಡು ಜನಪ್ರಿಯ ಪುಸ್ತಕಗಳಿಗೆ ಹೋಲಿಸಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇವುಗಳಲ್ಲಿ ಒಂದೂ ಧಾರವಾಡದ ಅಥವಾ ಗಾಂಧಿಬಜಾರಿನ ಪ್ರಕಾಶಕರ ಮುಂದೆ ಅವಳ ಕೆಲಸಕ್ಕೆ ಬರುವುದಿಲ್ಲ.

ಇಲ್ಲಿ ಉಪದೇಶಕರು 'ಹಾರ್ಟ್ ಲ್ಯಾಂಪ್' ತೋರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದಾಗಿನಿಂದ, ಕನ್ನಡದ ಬಾಗಿಲು ಜಗತ್ತಿಗೆ ತೆರೆದಿದೆ, ಈಗ ಏಜೆಂಟರ ಕಣ್ಣಿಗೆ ಬೀಳುವುದೇ ದಾರಿ ಎಂಬ ಮಾತು ಜೋರಾಗಿದೆ. ಆ ಪುಸ್ತಕದ ಚರಿತ್ರೆ ಈ ಮಾತಿಗೆ ಪೂರ್ತಿ ವಿರುದ್ಧವಾಗಿದೆ. ಅದರೊಳಗಿನ 12 ಕಥೆಗಳು 1990ರಿಂದ 2023ರವರೆಗೆ, ಮೂರು ದಶಕಗಳ ಉದ್ದಕ್ಕೂ ಬರೆದು ಪ್ರಕಟಿಸಿದವು. ಬಾನು ಅವರ ಮೊದಲ ಕಥೆ ಅಚ್ಚಾದದ್ದು 'ಪ್ರಜಾಮತ'ದಲ್ಲಿ. ಎಂಬತ್ತರ ದಶಕದಲ್ಲಿ ಅವರು 'ಲಂಕೇಶ್ ಪತ್ರಿಕೆ'ಗೆ ವರದಿಗಾರ್ತಿಯಾಗಿ ದುಡಿದರು, ಬಂಡಾಯ ಚಳವಳಿಯ ಸಭೆಗಳಲ್ಲಿ ಓಡಾಡಿದರು, ಆಮೇಲೆ ಹಾಸನದಲ್ಲಿ ವಕೀಲಿಕೆ ಮಾಡಿದರು. ಕಚೇರಿಗೆ ಕಷ್ಟ ಹೇಳಿಕೊಂಡು ಬರುವ ಹೆಂಗಸರ ನಡುವೆ ಬದುಕಿದವರು ಅವರು. ಅವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿಯವರು 'ಹಸೀನಾ' ಚಿತ್ರ ಮಾಡಿದ್ದು 2004ರಲ್ಲಿ, ಬೂಕರ್‌ಗೆ ಎರಡು ದಶಕ ಮುಂಚೆ. ಇಂಗ್ಲಿಷ್ ಪುಸ್ತಕವನ್ನು ತಂದದ್ದು ಬ್ರಿಟನ್ನಿನ ಶೆಫೀಲ್ಡ್‌ನ 'ಆಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಸ್ವತಂತ್ರ ಪ್ರಕಾಶನ. ಅನುವಾದಕ್ಕೆ ಇಂಗ್ಲಿಷ್ ಪೆನ್ ಸಂಸ್ಥೆಯ ಪುರಸ್ಕಾರ ಬೆಂಬಲವಾಗಿತ್ತು. ಹಕ್ಕುಗಳ ಮಾತುಕತೆಯ ಹಂತದಲ್ಲಿ ಏಜೆಂಟರಿಗೆ ಕೆಲಸವಿರುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬರೆದು ಮುಗಿಸಿ, ಓದುಗರು ಒಪ್ಪಿ, ವಿವಾದಗಳನ್ನು ದಾಟಿ, ಅನುವಾದಕರು ಮನಸಾರೆ ಕೈಗೆತ್ತಿಕೊಂಡ ಮೇಲಿನ ಹಂತ. ಐವತ್ತು ವರ್ಷಗಳ ಬರವಣಿಗೆಯ ಕೊನೆಯಲ್ಲಿ ಬಂದದ್ದನ್ನು ಮೊದಲ ಮೆಟ್ಟಿಲೆಂದು ಹೊಸಬರಿಗೆ ತೋರಿಸುವುದು ಅವರಿಗೆ ಮಾಡುವ ದ್ರೋಹ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೂಡ ಇದನ್ನೇ ಹೇಳುತ್ತದೆ. ಬ್ರೂಕ್‌ಫೀಲ್ಡ್‌ನವರಿಗೆ ಈ ಉದಾಹರಣೆ ಹತ್ತಿರದ್ದು, ಯಾಕೆಂದರೆ ಶಾನಭಾಗರು ಎಂಜಿನಿಯರಿಂಗ್ ಓದಿ ದೊಡ್ಡ ಕಂಪನಿಯಲ್ಲಿ ದುಡಿಯುತ್ತಲೇ ಬರೆದವರು. ಆ ಕೃತಿ ಕನ್ನಡದಲ್ಲಿ 2013ರಲ್ಲಿ ಬಂತು. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದ ಅದನ್ನು ಅಮೆರಿಕ, ಬ್ರಿಟನ್ನುಗಳಿಗೆ ಕೊಂಡೊಯ್ದದ್ದು ಆಮೇಲೆ. ಅದಕ್ಕೆ ಮುಂಚೆ ಅವರು ಎರಡೂವರೆ ದಶಕಗಳಿಗೂ ಹೆಚ್ಚು ಕಾಲ ಕನ್ನಡದಲ್ಲಿ ಕಥೆ, ಕಾದಂಬರಿ ಬರೆದಿದ್ದರು. 2005ರಿಂದ ಏಳು ವರ್ಷ 'ದೇಶ ಕಾಲ' ತ್ರೈಮಾಸಿಕವನ್ನು ನಡೆಸಿ ಬೇರೆಯವರ ಬರವಣಿಗೆಯನ್ನು ಓದಿ, ತಿದ್ದಿ, ಪ್ರಕಟಿಸಿದ್ದರು. ತಮ್ಮನ್ನು ಯಾರು ಗಮನಿಸುತ್ತಾರೆ ಎಂದು ನೋಡುವುದರಲ್ಲಿ ಕಳೆಯಬಹುದಾಗಿದ್ದ ವರ್ಷಗಳನ್ನು ಇತರರನ್ನು ಗಮನಿಸುವುದರಲ್ಲಿ ಕಳೆದರು. ಆ ಪುಟ್ಟ ಪುಸ್ತಕದ ಬಿಗಿ ಬಂದದ್ದು ಅಂಥ ದುಡಿಮೆಯಿಂದ.

ಕನ್ನಡದಲ್ಲಿ ಏಜೆಂಟರ ಜಾಗದಲ್ಲಿ ಇದ್ದವರು ಯಾರು ಎಂಬ ಪ್ರಶ್ನೆಗೆ ಉತ್ತರ ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ಇದೆ. ಅಲ್ಲಿದ್ದವರು ಓದುವ ಸಂಪಾದಕರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟುವ ಓದುಗರಿದ್ದರು. ಅವರಿಗೆ ಪುಸ್ತಕಗಳು ಅಂಚೆಯಲ್ಲಿ ಹೋಗುತ್ತಿದ್ದವು. ಆ ಗ್ರಂಥಮಾಲೆಯ ಪ್ರಸಿದ್ಧ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು ಹೊಸಬರ ಹಸ್ತಪ್ರತಿಗಳನ್ನು ಓದುತ್ತಿದ್ದರು. ಇಪ್ಪತ್ತರ ಆಚೀಚಿನ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಬೆಳಕು ಕಂಡದ್ದು ಅಲ್ಲಿಂದ. ಮಾಸ್ತಿಯವರು 'ಜೀವನ' ಪತ್ರಿಕೆಯನ್ನು ಎರಡು ದಶಕ ನಡೆಸಿದರು. ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಂಥ ಹಳ್ಳಿಯಲ್ಲಿ ಅಕ್ಷರ ಪ್ರಕಾಶನ ಕಟ್ಟಿದರು. ಲಂಕೇಶರು ವಾರಪತ್ರಿಕೆಯೊಂದರ ಗಡಿಬಿಡಿಯ ನಡುವೆಯೂ ಹೊಸ ದನಿಗಳನ್ನು ಹುಡುಕಿದರು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಧಾರಾವಾಹಿಯಾಗಿ ಓದುಗರನ್ನು ತಲುಪಿದ್ದು 'ಲಂಕೇಶ್ ಪತ್ರಿಕೆ'ಯಲ್ಲಿ. ಈ ಸಂಪಾದಕರು ತಮಗೆ ಬೇಕಾದ ಕಥೆಯ ಪಟ್ಟಿಯನ್ನು ಊರಿಗೆ ಸಾರಲಿಲ್ಲ. ಬಂದದ್ದನ್ನು ಓದಿದರು, ಚೆನ್ನಾಗಿದ್ದರೆ ಅಚ್ಚುಹಾಕಿದರು. ಬರೆಯುವವರಿಗೆ ಅವರನ್ನು ಒಲಿಸಿಕೊಳ್ಳಲು ಬರವಣಿಗೆಯ ಹೊರತು ಬೇರೆ ಉಪಾಯ ಬೇಕಾಗಿರಲಿಲ್ಲ.

ಬೇಕಾದ ಕಥೆಯ ಪಟ್ಟಿ ಎಂದೆನಲ್ಲ, ಆ ಪದ್ಧತಿಯೇ ಈ ಉಪದೇಶದ ಅತಿ ಅಪಾಯದ ಭಾಗ. 2013ರ ಹೊತ್ತಿಗೆ ಟ್ವಿಟರ್‌ನಲ್ಲಿ 'ಮ್ಯಾನುಸ್ಕ್ರಿಪ್ಟ್ ವಿಶ್ ಲಿಸ್ಟ್' ಎಂಬ ಪದ್ಧತಿ ಶುರುವಾಯಿತು. ಈ ವರ್ಷ ನನಗೆ ಪುರಾಣದ ಮರುಕಥನ ಬೇಕು, ಬೆಟ್ಟದೂರಿನ ಕೊಲೆಯ ರಹಸ್ಯ ಬೇಕು, ವಲಸೆ ಕುಟುಂಬದ ಕಥೆ ಬೇಕು ಎಂದು ಏಜೆಂಟರು ಬರೆಯುವುದು; ಲೇಖಕರು ಅದನ್ನು ನೋಡಿ ಹಸ್ತಪ್ರತಿ ಕಳಿಸುವುದು. ಮುಗಿದ ಹಸ್ತಪ್ರತಿ ಇರುವವರಿಗೆ ಇದರಿಂದ ಯಾರಿಗೆ ಕಳಿಸಬೇಕೆಂದು ಗೊತ್ತಾಗಬಹುದು. ಇನ್ನೂ ಬರೆಯಲು ಕಲಿಯುತ್ತಿರುವವರಿಗೆ ಇದು ನಂಜು. ಪಟ್ಟಿ ನೋಡಿ ಕಾದಂಬರಿ ಶುರುಮಾಡಿದವರಿಗೆ ಅದನ್ನು ಮುಗಿಸಲು ಎರಡು ವರ್ಷ ಬೇಕು. ಒಪ್ಪಿಗೆಯಾಗಿ ಪುಸ್ತಕ ಹೊರಬರಲು ಮತ್ತೆ ವರ್ಷ, ಎರಡು ವರ್ಷ. ಅಷ್ಟರಲ್ಲಿ ಆ ಪಟ್ಟಿ ಎಷ್ಟು ಸಲ ಬದಲಾಗಿರುತ್ತದೆ! ಕಾಲದ ಲೆಕ್ಕವನ್ನು ಬದಿಗಿಟ್ಟರೂ ಮೂಲದ ತಪ್ಪು ಉಳಿಯುತ್ತದೆ. ಯಾವ ಪಟ್ಟಿಯೇ ಆದರೂ ಹಿಂದಿನ ವರ್ಷ ಏನು ಮಾರಾಟವಾಯಿತು ಎಂಬುದರಿಂದ ಹುಟ್ಟುತ್ತದೆ. ಯಾರೂ ಕೇಳಿರದ ಪುಸ್ತಕ ಅದರಲ್ಲಿ ಇರಲಾರದು.

ಕನ್ನಡದಲ್ಲಿ ಗಟ್ಟಿಯಾಗಿ ನಿಂತ ಪುಸ್ತಕಗಳನ್ನು ನೆನಪಿಸಿಕೊಳ್ಳಿ. ಸಂಡೂರಿನ ಕಡೆಯಿಂದ ಬಂದು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತ ಬರೆದ ವಸುಧೇಂದ್ರರು 2013ರಲ್ಲಿ 'ಮೋಹನಸ್ವಾಮಿ' ತಂದಾಗ, ಸಲಿಂಗಕಾಮಿಯೊಬ್ಬನ ಒಳಬದುಕಿನ ಕಥೆಗಳು ಬೇಕು ಎಂದು ಕನ್ನಡದ ಯಾವ ಪ್ರಕಾಶಕರು ಕೇಳಿದ್ದರು? ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ 377ನೇ ವಿಧಿಯನ್ನು ಎತ್ತಿಹಿಡಿಯಿತು. ಅಂಥ ಕಾಲ ಅದು. ಮುಸ್ಲಿಂ ಮನೆಯೊಳಗಿನ ಹೆಣ್ಣಿನ ಸಂಕಟವನ್ನು ಬರೆಯಿರಿ ಎಂದು ಸಾರಾ ಅವರನ್ನಾಗಲಿ ಬಾನು ಅವರನ್ನಾಗಲಿ ಯಾವ ಮಾರುಕಟ್ಟೆ ಕೇಳಿತ್ತು? ಕೇಳದಿದ್ದದ್ದು ಮಾತ್ರವಲ್ಲ, ಬರೆದದ್ದಕ್ಕೆ ಇಬ್ಬರೂ ವಿರೋಧ ಎದುರಿಸಿದರು. ಬೇಡಿಕೆ ಇಲ್ಲದಲ್ಲಿ ಬರೆದವರಿಂದಲೇ ಈ ಭಾಷೆಯ ಅನುಭವ ಹಿಗ್ಗಿದೆ. ಬೇಡಿಕೆಯನ್ನು ದಿನವೂ ಫೋನಿನಲ್ಲಿ ನೋಡುತ್ತ ಬೆಳೆದ ಮನಸ್ಸಿಗೆ ಅಂಥ ಧೈರ್ಯ ಬರುವುದು ಕಷ್ಟ. ತನ್ನೊಳಗೆ ಹೇಳಲೇಬೇಕಾದದ್ದು ಏನಿದೆ ಎಂದು ಕೇಳಿಕೊಳ್ಳುವ ಮೊದಲೇ ಅದು ಹೊರಗೆ ಏನು ಬೇಕಾಗಿದೆ ಎಂದು ಕೇಳಲು ಕಲಿತುಬಿಟ್ಟಿರುತ್ತದೆ.

ಇನ್ನು, ಈ ಜಾಲತಾಣಗಳು ಎಷ್ಟು ನಂಬಿಕೆಗೆ ತಕ್ಕವು, ಎಷ್ಟು ದಿನದವು? 2009ರಲ್ಲಿ ಕೆಲವು ಏಜೆಂಟರು ತಮಗೆ ಬಂದ ಪರಿಚಯ ಪತ್ರಗಳ ತಪ್ಪುಗಳನ್ನು 'ಕ್ವೆರಿಫೇಲ್' ಎಂಬ ಹೆಸರಿನಲ್ಲಿ ಟ್ವಿಟರ್‌ನಲ್ಲಿ ಸಾರ್ವಜನಿಕವಾಗಿ ಎತ್ತಿ ತೋರಿಸಿದರು. ಬರೆದವರ ಸಂಕೋಚ ನಾಲ್ಕು ಜನರ ಮುಂದೆ ಮಾತಿನ ವಸ್ತುವಾಯಿತು. 2012ರಿಂದ ನಡೆಯುತ್ತಿದ್ದ 'ಪಿಟ್‌ಮ್ಯಾಡ್'ನಲ್ಲಿ ಇಡೀ ಕಾದಂಬರಿಯನ್ನು ಒಂದು ಟ್ವೀಟಿನಲ್ಲಿ ಅಡಗಿಸಿ ಏಜೆಂಟರ ಮೆಚ್ಚುಗೆಗೆ ಕಾಯಬೇಕಿತ್ತು. 2022ರಲ್ಲಿ ಅದು ನಿಂತುಹೋಯಿತು. ಆ ವರ್ಷವೇ ಟ್ವಿಟರಿನ ಒಡೆತನ ಬದಲಾಗಿ ಅಲ್ಲಿದ್ದ ಎಷ್ಟೋ ಪುಸ್ತಕದ ಮಂದಿ ಚದುರಿದರು. ನಮ್ಮಲ್ಲಿ ಟಿಕ್‌ಟಾಕ್ 2020ರ ಜೂನ್ ಕೊನೆಯ ಒಂದು ರಾತ್ರಿ ನಿಷೇಧವಾದಾಗ, ಅಲ್ಲಿ ಲಕ್ಷ ಲಕ್ಷ ಹಿಂಬಾಲಕರನ್ನು ಗಳಿಸಿದ್ದವರ ಕೈ ಬೆಳಗಾಗುವುದರೊಳಗೆ ಖಾಲಿಯಾಯಿತು. ಒಡೆಯರ ಮನಸ್ಸು ಬದಲಾದರೆ, ಸರ್ಕಾರದ ಆದೇಶ ಬಂದರೆ ಅಳಿಸಿಹೋಗುವ ನೆಲದ ಮೇಲೆ ಬರೆಯುವವರು ತಮ್ಮ ಎಳೆಯ ವರ್ಷಗಳನ್ನು ಹೂಡಬಾರದು.

ಮಧ್ಯವರ್ತಿಗಳ ಸುತ್ತ ಸುಳಿಯುವ ಆಸೆ ಮೋಸಗಾರರನ್ನೂ ಕರೆಯುತ್ತದೆ. ಏಜೆಂಟರ ಸಂಘಟನೆಗಳ ನೀತಿಸಂಹಿತೆ ಸ್ಪಷ್ಟವಾಗಿದೆ: ಓದುವುದಕ್ಕೆಂದು ಲೇಖಕರಿಂದ ಹಣ ಕೇಳಬಾರದು, ಏಜೆಂಟರ ಸಂಪಾದನೆ ಪುಸ್ತಕದ ಸಂಪಾದನೆಯಿಂದಲೇ ಬರಬೇಕು. ಆದರೆ ನಮ್ಮ ಹುಡುಗರ ಫೋನಿನಲ್ಲಿ ಬರುವ ಜಾಹೀರಾತುಗಳನ್ನು ನೋಡಿ. ಮೂವತ್ತು ದಿನಗಳಲ್ಲಿ ಲೇಖಕರಾಗಿ ಎನ್ನುತ್ತಾರೆ. ಕೆಲವು ನೂರು ರೂಪಾಯಿ ಕಟ್ಟಿದರೆ ಸಂಕಲನದಲ್ಲಿ ಸಹಲೇಖಕರ ಸ್ಥಾನ, ಜತೆಗೆ ಪ್ರಮಾಣಪತ್ರ. ಹಸ್ತಪ್ರತಿ ಮೌಲ್ಯಮಾಪನಕ್ಕೆ ಶುಲ್ಕ, ಪ್ರಚಾರಕ್ಕೆ ಪ್ಯಾಕೇಜು, ಪ್ರಶಸ್ತಿಗೂ ದರ. ಯಾರೂ ಓದದ, ಯಾರೂ ತಿದ್ದದ ಪುಸ್ತಕವೊಂದು ಕೈಗೆ ಬಂದ ಮೇಲೆ ಬರೆಯುವ ಆಸೆಯನ್ನೇ ಬಿಟ್ಟವರನ್ನು ನಾನು ಬ್ರೂಕ್‌ಫೀಲ್ಡ್‌ನಲ್ಲಿ ಬಲ್ಲೆ. ಅವರ ಸಂಬಳದ ಹಣ ಹೋದದ್ದಕ್ಕಿಂತ ಹೆಚ್ಚಿನ ನೋವು ನನಗೆ ಅವರು ಮತ್ತೆ ಬರೆಯದೆ ಹೋದದ್ದು. ಒಳಗಿನವರ ಪರಿಚಯವೇ ದಾರಿ ಎಂದು ಕಲಿಸಿದ ಕಮ್ಮಟಗಳಿಗೆ ಇದರಲ್ಲಿ ಪಾಲಿಲ್ಲವೇ? ಇದೆ.

ಎದುರು ವಾದಗಳನ್ನು ತಪ್ಪಿಸಿಕೊಳ್ಳುವುದು ನನಗೆ ಬೇಕಿಲ್ಲ. ಏಜೆಂಟರು ಒಳ್ಳೆಯ ಮಾಹಿತಿ ಕೊಡುತ್ತಾರೆ ಎನ್ನುತ್ತಾರೆ. ನಿಜ, ಕರಾರಿನಲ್ಲಿ ಯಾವ ಹಕ್ಕು ಬಿಟ್ಟುಕೊಡಬಾರದು, ಹಸ್ತಪ್ರತಿಯನ್ನು ಹೇಗೆ ಕಳಿಸಬೇಕು ಎಂಬುದನ್ನು ಅವರಲ್ಲಿ ಕೆಲವರು ಪ್ರಾಮಾಣಿಕವಾಗಿ ವಿವರಿಸುತ್ತಾರೆ. ಇಂಗ್ಲಿಷಿನಲ್ಲಿ ಕಾದಂಬರಿ ಮುಗಿಸಿದ ವೈಟ್‌ಫೀಲ್ಡಿನ ಲೇಖಕಿಗೆ ಅದು ಬೇಕು. ಆದರೆ ಆ ಮಾಹಿತಿ ಏಜೆನ್ಸಿಗಳ ನಿಯಮಾವಳಿಯಲ್ಲಿ ಒಂದೆರಡು ಪುಟದಲ್ಲಿ ಇರುತ್ತದೆ. ಹಸ್ತಪ್ರತಿ ಕಳಿಸುವ ವಾರ ಅದನ್ನು ಒಮ್ಮೆ ಓದಿದರೆ ಸಾಕು. ವರ್ಷಗಟ್ಟಲೆ ದಿನವೂ ಅವರ ಮಾತಿಗೆ ಕಿವಿಯಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಆತುರ ಇದು.

ಬರವಣಿಗೆ ಒಂಟಿತನದ ಕೆಲಸ, ಜಾಲತಾಣ ಜತೆ ಕೊಡುತ್ತದೆ ಎಂಬುದು ಇನ್ನೊಂದು ವಾದ. ಪಿಜಿಯ ಕೋಣೆಯಲ್ಲಿ ಕೂತು, ಕನ್ನಡ ಬಾರದ ಸಹವಾಸಿಗಳ ನಡುವೆ ಕನ್ನಡ ಕಥೆ ಬರೆಯುವವರ ಒಂಟಿತನ ನನಗೆ ಗೊತ್ತು. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಏಜೆಂಟರು ಜತೆಗಾರರಲ್ಲ. ಅವರು ನಿಮ್ಮಿಂದ ಏನನ್ನೋ ಆಯ್ದುಕೊಳ್ಳುವ ಅಧಿಕಾರ ಇರುವವರು. ಅಧಿಕಾರವಿರುವವರ ಸುತ್ತ ನೆರೆದ ಗುಂಪಿನಲ್ಲಿ ಗೆಳೆತನಕ್ಕಿಂತ ಪೈಪೋಟಿ ಹೆಚ್ಚು ಬೆಳೆಯುತ್ತದೆ. ಜತೆ ಬೇಕಿದ್ದರೆ ನಿಮ್ಮಂತೆಯೇ ಬರೆಯುವ ಇನ್ನಿಬ್ಬರನ್ನು ಹುಡುಕಿ. ನಿಮ್ಮ ಕಂಪನಿಯ ಕನ್ನಡ ಬಳಗ ನವೆಂಬರಿನ ರಾಜ್ಯೋತ್ಸವಕ್ಕಷ್ಟೇ ಎದ್ದು ಕೂರಬೇಕೆಂದು ಯಾರು ಹೇಳಿದರು? ತಿಂಗಳಿಗೊಮ್ಮೆ ಅದೇ ಬಳಗ ಕೂತು ಒಂದು ಕಥೆ ಓದಿ ಚರ್ಚಿಸಬಹುದು.

ಜಾಲತಾಣದಿಂದಲೇ ಬೆಳೆದ ಕನ್ನಡ ಲೇಖಕರಿದ್ದಾರಲ್ಲ ಎಂದು ಕೇಳುವವರೂ ಇದ್ದಾರೆ. ಇದ್ದಾರೆ, ನನಗೆ ಅವರ ಬಗ್ಗೆ ಗೌರವವಿದೆ. ತಾವೇ ಪುಸ್ತಕ ಪ್ರಕಟಿಸಿ, ಫೇಸ್‌ಬುಕ್ಕಿನಲ್ಲಿ ಓದುಗರ ಜತೆ ಮಾತಾಡಿ, ಪ್ರತಿಗಳನ್ನು ತಾವೇ ಅಂಚೆಗೆ ಹಾಕಿದವರು ಅವರು. ಮೈಲ್ಯಾಂಗ್‌ನಂಥ ಡಿಜಿಟಲ್ ವೇದಿಕೆಗಳು ಕನ್ನಡ ಪುಸ್ತಕವನ್ನು ಫೋನಿನಲ್ಲಿ ಓದುವಂತೆ, ಕೇಳುವಂತೆ ಮಾಡಿವೆ. ಕಾದಂಬರಿಕಾರ ಗಳಗನಾಥರು ಊರೂರಿಗೆ ಪುಸ್ತಕ ಹೊತ್ತು ಹೋಗಿ ಮಾರಿದರು ಎಂದು ನಾವು ಅಭಿಮಾನದಿಂದ ನೆನೆಯುತ್ತೇವೆ. ಇವತ್ತಿನವರು ಅದೇ ಕೆಲಸವನ್ನು ಫೋನಿನಲ್ಲಿ ಮಾಡಿದರೆ ಸಂತೋಷವೇ. ಆದರೆ ಇವರೆಲ್ಲ ಹುಡುಕಿಕೊಂಡು ಹೋದದ್ದು ಓದುಗರನ್ನು. ನಾನು ವಿರೋಧಿಸುತ್ತಿರುವುದು ಓದುಗರನ್ನು ಬಿಟ್ಟು ಮಧ್ಯವರ್ತಿಗಳ ಕಡೆ ಮುಖ ಮಾಡುವುದನ್ನು. ಓದುಗರು ಬರೆದದ್ದಕ್ಕೆ ಉತ್ತರ ಕೊಡುತ್ತಾರೆ. ಏಜೆಂಟರ ಪೋಸ್ಟಿನ ಕೆಳಗಿನ ನಿಮ್ಮ ಮೆಚ್ಚುಗೆಗೆ ಉತ್ತರವೇ ಇಲ್ಲ.

ಕೆಲವು ಪ್ರಕಾಶಕರು ಈಗ ಹಸ್ತಪ್ರತಿಗಿಂತ ಮೊದಲು ಹಿಂಬಾಲಕರ ಸಂಖ್ಯೆ ಕೇಳುತ್ತಾರೆ, ಆದ್ದರಿಂದ ಬೇರೆ ದಾರಿಯಿಲ್ಲ ಎನ್ನುವವರಿಗೆ ನನ್ನ ಉತ್ತರ ಕಟುವಾದದ್ದು. ಹಾಗೆ ಕೇಳುವವರು ತಪ್ಪು ಮಾಡುತ್ತಿದ್ದಾರೆ. ಅವರನ್ನು ಅನುಸರಿಸುವುದು ಆ ತಪ್ಪಿಗೆ ಹಾಲೆರೆಯುವುದು. ಕನ್ನಡ ಪುಸ್ತಕೋದ್ಯಮದ ಕಷ್ಟ ನನಗೆ ತಿಳಿದಿದೆ. ಕಾಗದದ ಬೆಲೆ ಏರಿದೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪ್ರಕಾಶಕರು ವರ್ಷಗಟ್ಟಲೆ ಕಾಯುತ್ತಾರೆ. ಆದರೂ ಹಸ್ತಪ್ರತಿ ಓದದೆ ಲೈಕು ಎಣಿಸುವವರು ಪ್ರಕಾಶಕರೆಂಬ ಹೆಸರಿಗೆ ಅರ್ಹರಲ್ಲ.

ಹಾಗಾದರೆ ಬ್ರೂಕ್‌ಫೀಲ್ಡ್‌ನಲ್ಲಿ ಇರುವವರು ಏನು ಮಾಡಬೇಕು? ದಾರಿಗಳು ಇವೆ, ತೆರೆದೇ ಇವೆ, ಯಾರ ಪರಿಚಯವೂ ಬೇಡ. 'ಪ್ರಜಾವಾಣಿ'ಯ ದೀಪಾವಳಿ ಕಥಾಸ್ಪರ್ಧೆ ತಲೆಮಾರುಗಳ ಕಥೆಗಾರರನ್ನು ಕನ್ನಡಕ್ಕೆ ಪರಿಚಯಿಸಿದೆ. 'ಸುಧಾ', 'ಮಯೂರ', 'ತುಷಾರ', 'ತರಂಗ'ಗಳು ಹೊಸಬರ ಕಥೆಗಳನ್ನು ಪ್ರಕಟಿಸುತ್ತವೆ. ಬುಕ್ ಬ್ರಹ್ಮ ಎಂಬ ಸಾಹಿತ್ಯ ತಾಣ ಪ್ರತಿವರ್ಷ ಕಥಾಸ್ಪರ್ಧೆ ನಡೆಸುತ್ತದೆ. ವಸುಧೇಂದ್ರರು ಕಟ್ಟಿದ ಛಂದ ಪುಸ್ತಕ ಇನ್ನೂ ಸಂಕಲನ ತರದ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪುಸ್ತಕ ಮಾಡುತ್ತ ಬಂದಿದೆ. ಸಾಫ್ಟ್‌ವೇರ್ ಉದ್ಯಮದಿಂದ ಬಂದ ಲೇಖಕರೊಬ್ಬರು ಹೊಸಬರಿಗಾಗಿ ಮಾಡಿದ ಕೆಲಸ ಅದು ಎಂಬುದನ್ನು ಇಲ್ಲಿನವರು ವಿಶೇಷವಾಗಿ ಗಮನಿಸಬೇಕು. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆಯಿದೆ. ಈ ಎಲ್ಲ ಕಡೆಯೂ ನಿಮ್ಮನ್ನು ಕೇಳುವುದು ಬರೆದ ಪುಟಗಳನ್ನು.

ದೂರದ ನೆಪವೂ ಈಗ ಮೊದಲಿನಷ್ಟು ಗಟ್ಟಿಯಿಲ್ಲ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಎಲ್ಲೂ ತುಂಡಾಗದೆ ಓಡುತ್ತಿದೆ. ಕುಂದಲಹಳ್ಳಿ ನಿಲ್ದಾಣದಲ್ಲಿ ಹತ್ತಿದವರು ರೈಲು ಬದಲಿಸದೆ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಉದ್ಯಾನದೊಳಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯವಿದೆ. ಹೋಗುವಾಗಿನ, ಬರುವಾಗಿನ ಹೊತ್ತು ಕಾರ್ನಾಡರ ಒಂದು ನಾಟಕಕ್ಕೆ, ವೈದೇಹಿಯವರ ಎರಡು ಕಥೆಗಳಿಗೆ ಸಾಕು. ಅದೇ ರೈಲಿನಲ್ಲಿ ಕೂತು ಏಜೆಂಟರ ಪೋಸ್ಟುಗಳನ್ನು ಬೆರಳಿನಲ್ಲಿ ಸರಿಸುತ್ತ ಹೋಗುವವರಿಗೂ, ಕಥೆ ಓದುತ್ತ ಹೋಗುವವರಿಗೂ ಐದು ವರ್ಷಗಳಲ್ಲಿ ಆಗುವ ಅಂತರವನ್ನು ಊಹಿಸಿ. ಮೊದಲಿನವರಿಗೆ ಪುಸ್ತಕೋದ್ಯಮದ ಸುದ್ದಿ ಗೊತ್ತಿರುತ್ತದೆ. ಎರಡನೆಯವರಿಗೆ ವಾಕ್ಯ ಕಟ್ಟುವುದು ಗೊತ್ತಿರುತ್ತದೆ.

ಕಮ್ಮಟ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಏಜೆಂಟರನ್ನು ಒಲಿಸುವ ಪಾಠವನ್ನು ನಿಮ್ಮ ವೇಳಾಪಟ್ಟಿಯಿಂದ ತೆಗೆದುಹಾಕಿ. ಆ ಒಂದು ಗಂಟೆಯಲ್ಲಿ ಬಂದವರ ಒಂದು ಕಥೆಯನ್ನು ಸಾಲು ಸಾಲಾಗಿ ಓದಿ ತಿದ್ದಿ. ಅವರು ದುಡ್ಡು ಕೊಟ್ಟು ಬಂದಿರುವುದು ಬರೆಯಲು ಕಲಿಯುವುದಕ್ಕೆ. ಕನ್ನಡ ಪ್ರಕಾಶಕರು ಹಸ್ತಪ್ರತಿಗೆ ಇಷ್ಟು ತಿಂಗಳೊಳಗೆ ಹೌದು ಅಥವಾ ಇಲ್ಲ ಎಂದು ತಿಳಿಸುವ ಪದ್ಧತಿ ಇಟ್ಟುಕೊಳ್ಳಲಿ. ಉತ್ತರವಿಲ್ಲದ ಮೌನವೇ ಹೊಸಬರನ್ನು ಪರಿಚಯದ ದಾರಿ ಹಿಡಿಸುವುದು.

ಬರೆಯುವವರಿಗೆ ಹೇಳಬೇಕಾದದ್ದು ಇಷ್ಟೆ. ಫಾಲೋ ಮಾಡುತ್ತಿರುವ ಏಜೆಂಟರ ಖಾತೆಗಳನ್ನು ಇವತ್ತೇ ಬಿಟ್ಟುಬಿಡಿ. ಕಥೆ ಮುಗಿಸಿ, ಸಂಕೋಚವಿಲ್ಲದೆ ತಪ್ಪು ಹೇಳುವ ಇಬ್ಬರಿಗೆ ಕೊಟ್ಟು ಓದಿಸಿ, ಮತ್ತೆ ಬರೆದು ಪತ್ರಿಕೆಗೆ ಕಳಿಸಿ. ತಿರಸ್ಕಾರವಾದರೆ ಇನ್ನೊಂದಕ್ಕೆ ಕಳಿಸಿ. ಮುಂದೊಂದು ದಿನ ನಿಮ್ಮ ಪುಸ್ತಕ ಇಂಗ್ಲಿಷಿಗೆ ಹೋಗಿ, ಹಕ್ಕುಗಳ ಮಾತುಕತೆಗೆ ಏಜೆಂಟರು ಬೇಕಾದರೆ ಅವರ ವಿಳಾಸ ಹುಡುಕಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷಕ್ಕೆ ಕಾರಣವಾಗುವ ಪುಸ್ತಕವನ್ನು ಬರೆಯಲು ನಿಮ್ಮ ಬಳಿ ಇರುವ ಎಲ್ಲ ರಾತ್ರಿಗಳೂ ಬೇಕು.